ತಪ್ಪು ಗಂಡಂದು, ಲೆಕ್ಕ ಅತ್ತೆಯ ಖಾತೆಗೆ

ಹೋದ ಸಂಚಿಕೆಯಲ್ಲಿ ನಮ್ಮ ಪಕ್ಕದ ಮನೆಯ ಖಾಲಾ (ಉರ್ದುವಿನಲ್ಲಿ ಚಿಕ್ಕಮ್ಮ) ಅವರ ನೆಪದಲ್ಲಿ ಉರ್ದು ಡ್ರಾಮಾಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಾಡಿಗೆ ಜಗಳ, ಕೂದಲು ಉದುರುವುದು, ಮಗನ ಟ್ಯೂಷನ್ ಎಲ್ಲ ಮುಂದಿನ ಸಲ ಇಟ್ಟುಕೊಳ್ಳೋಣ. ಈ ಸಲ ಪೂರ್ತಿ ಡ್ರಾಮಾ.

ಪ್ರಶ್ನೆ: ಅಕ್ಕಾವರೇ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಷಿನ್ ಮುಂದೆ ಮೊಬೈಲ್ ಇಟ್ಟುಕೊಂಡು ಪಾಕಿಸ್ತಾನದ ಉರ್ದು ಡ್ರಾಮಾ ನೋಡುತ್ತಿದ್ದೆ. ‘ಹಮ್‌ಸಫರ್’ ಅಂತೂ ಮೂರು ಸಲ ಆಯ್ತು. ನಮ್ಮ ಮನೆಯವರು ‘ಬರೀ ಅಳೋ ಹೆಂಗಸರ ಕಥೆ, ಏನು ನೋಡ್ತೀಯೋ’ ಅಂತಾರೆ. ನಿಜಕ್ಕೂ ಅದರಲ್ಲಿ ಹೆಣ್ಣನ್ನು ಕೀಳಾಗಿ ತೋರಿಸುತ್ತಾರಾ? — ಒಬ್ಬ ಓದುಗಿ, ಕಲಬುರಗಿ

ಅಳೋದು ಕೀಳು ಅಂತ ಯಾರು ಹೇಳಿದರು? ಮ್ಯಾಚ್ ಸೋತ ದಿನ ನಿಮ್ಮ ಮನೆಯವರ ಮುಖ ಹೇಗಿರುತ್ತೆ ಅಂತ ಒಂದು ಸಲ ನೋಡಿ. ಅಳುವ ಹೆಂಗಸಿನ ಬಗ್ಗೆ ನನ್ನ ತಕರಾರಿಲ್ಲ. ಕಥೆ ಮುಗಿಯುವಾಗ ಯಾರ ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ ಅನ್ನೋದರ ಬಗ್ಗೆ ತಕರಾರು.

ನೀವು ಮೂರು ಸಲ ನೋಡಿದ ಕಥೆಯನ್ನೇ ತೆಗೆದುಕೊಳ್ಳಿ. ನೋಡದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಹಮ್‌ಸಫರ್ 2011ರಲ್ಲಿ ಶುರುವಾಯಿತು. ಫರ್ಹತ್ ಇಶ್ತಿಯಾಕ್ ಅವರ ಕಾದಂಬರಿ, ಸರ್ಮದ್ ಖೂಸತ್ ನಿರ್ದೇಶನ. ಬಡ ಮನೆಯ ಖಿರದ್, ಶ್ರೀಮಂತ ಮಾವನ ಮಗ ಅಶರ್‌ನನ್ನು ಮದುವೆಯಾಗುತ್ತಾಳೆ. ಅತ್ತೆ ಫರೀದಾಗೆ ಸೊಸೆ ಇಷ್ಟವಿಲ್ಲ. ಸಂಚು ಮಾಡಿ, ಖಿರದ್‌ಗೆ ಇನ್ನೊಬ್ಬನ ಜೊತೆ ಸಂಬಂಧ ಇದೆ ಅಂತ ಮಗನನ್ನು ನಂಬಿಸುತ್ತಾಳೆ. ಬಸುರಿ ಹೆಣ್ಣುಮಗಳು ರಾತ್ರಿ ಹೊತ್ತಲ್ಲಿ ಬೀದಿಗೆ ಬೀಳುತ್ತಾಳೆ. ಕೆಲವು ವರ್ಷ ಆದಮೇಲೆ ಮಗಳ ಹೃದಯದ ಆಪರೇಷನ್‌ಗೆ ದುಡ್ಡು ಬೇಕಾಗಿ ಮತ್ತೆ ಅದೇ ಗಂಡನ ಮುಂದೆ ಬಂದು ನಿಲ್ಲುತ್ತಾಳೆ. ಖಿರದ್ ಪಾತ್ರದಲ್ಲಿ ಮಾಹಿರಾ ಖಾನ್ ಏನು ಮಾಡಿದ್ದಾರೆ ನೋಡಿ! ಆ ಮುಖದಲ್ಲಿ ಬೇಡುವ ಭಾವ ಎಳ್ಳಷ್ಟೂ ಇಲ್ಲ. ‘ಇವಳು ನಿನ್ನ ಮಗಳು, ಖರ್ಚು ಕೊಡು’ ಅನ್ನೋ ಹಾಗೆ ನಿಂತಿರುತ್ತಾಳೆ.

ಈಗ ಕೊನೆಗೆ ಬನ್ನಿ. ಅಶರ್‌ನ ಮೇಲೆ ಆಸೆ ಇಟ್ಟುಕೊಂಡಿದ್ದ ಸಾರಾ ಆತ್ಮಹತ್ಯೆ ಮಾಡಿಕೊಂಡಳು. ಫರೀದಾಗೆ ಬುದ್ಧಿ ಕೆಟ್ಟಿತು. ಅಶರ್‌ಗೆ ಏನಾಯ್ತು? ಹೆಂಡತಿ ಮಗಳು ಇಬ್ಬರೂ ವಾಪಸ್ ಸಿಕ್ಕರು. ಹೆಂಡತಿಯ ಮಾತನ್ನು ಒಂದು ಸಲ ಕೂತು ಕೇಳದ ಮನುಷ್ಯ ಅವನು. ಅವನ ತಪ್ಪನ್ನೆಲ್ಲ ಅತ್ತೆಯ ಖಾತೆಗೆ ಬರೆದು ಅವನ ಪುಸ್ತಕ ಸ್ವಚ್ಛ ಮಾಡಿಬಿಟ್ಟರು. ಅಶರ್ ಪಾತ್ರ ಮಾಡಿದ ಫವಾದ್ ಖಾನ್ ನೋಡೋಕೆ ಚೆಂದ ಇದ್ದಾರೆ ಅಂತ ನಾವೂ ಸುಮ್ನೆ ಇದ್ದುಬಿಟ್ಟೆವು. ನಾನೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ಇದನ್ನು ಒಂದು ಸಲ ಗಮನಿಸಿದರೆ ಆಮೇಲೆ ಎಲ್ಲ ಕಡೆ ಕಾಣೋಕೆ ಶುರುವಾಗುತ್ತೆ. ‘ಜಿಂದಗಿ ಗುಲ್ಜಾರ್ ಹೈ’ ನನಗೆ ಬಹಳ ಇಷ್ಟ. ಗಂಡು ಮಗು ಬೇಕು ಅಂತ ಗಂಡ ಎರಡನೇ ಮದುವೆ ಮಾಡಿಕೊಂಡಮೇಲೆ, ರಾಫಿಯಾ ಟೀಚರ್ ಕೆಲಸ ಮಾಡಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಆ ಮನೆಯಲ್ಲಿ ತರಕಾರಿಯ ಲೆಕ್ಕ, ಬಸ್ಸಿನ ದುಡ್ಡಿನ ಲೆಕ್ಕ ಮಾಡೋದು ನೋಡಿದರೆ ಕಲಬುರಗಿಯ ನಮ್ಮ ಬ್ರಹ್ಮಪುರದ ಯಾವುದೋ ಮನೆ ಅನ್ನಿಸುತ್ತೆ. ದೊಡ್ಡ ಮಗಳು ಕಶಫ್ ಸಿಡುಕಿ, ಸ್ವಾಭಿಮಾನಿ, ಓದಿ ದೊಡ್ಡ ಸರ್ಕಾರಿ ಅಧಿಕಾರಿ ಆಗುತ್ತಾಳೆ. ಇಲ್ಲೀತನಕ ಎಷ್ಟು ಚೆಂದ! ಅದೇ ಕಥೆಯಲ್ಲಿ ನಾಯಕ ಜಾರೂನ್‌ನ ತಾಯಿಯೂ ದುಡಿಯುವ ಹೆಂಗಸು. ಆದರೆ ಆಕೆ ಶ್ರೀಮಂತಳು, ಪಾರ್ಟಿಗೆ ಹೋಗುತ್ತಾಳೆ, ಹಾಗಾಗಿ ‘ಮನೆ ನೋಡದವಳು’. ಅವನ ಸೋದರಿ ತನ್ನಿಷ್ಟದಂತೆ ಬದುಕಿದಳು ಅಂತ ಅವಳ ಮದುವೆ ಮುರಿಯುತ್ತೆ. ದುಡಿಯುವ ಹೆಂಗಸು ಬಡವಿಯಾಗಿದ್ದರೆ ದೇವತೆ, ಕೈಯಲ್ಲಿ ನಾಲ್ಕು ಕಾಸು ಇದ್ದರೆ ಮನೆಹಾಳಿ. ಜಾರೂನ್ ಎರಡೂ ಕಡೆ ಭಾಷಣ ಮಾಡಿಕೊಂಡು ಓಡಾಡುತ್ತಾನೆ.

ಇನ್ನು 2019ರ ‘ಮೇರೆ ಪಾಸ್ ತುಮ್ ಹೋ’. ಅದರ ಕೊನೆಯ ಕಂತನ್ನು 2020ರ ಜನವರಿಯಲ್ಲಿ ಪಾಕಿಸ್ತಾನದ ಥಿಯೇಟರುಗಳಲ್ಲೂ ತೋರಿಸಿದರು, ಅಷ್ಟು ಹುಚ್ಚು ಜನಕ್ಕೆ. ಮೆಹ್ವಿಶ್ ದುಡ್ಡಿರುವವನ ಹಿಂದೆ ಗಂಡ ಮಗನನ್ನು ಬಿಟ್ಟು ಹೋಗುತ್ತಾಳೆ. ಗಂಡ ದಾನಿಶ್ ಅವಳನ್ನು ‘ದೋ ಟಕೆ ಕೀ ಔರತ್’ ಅನ್ನುತ್ತಾನೆ. ಅಂದರೆ ಎರಡು ಕಾಸಿನ ಹೆಂಗಸು. ಆ ಮಾತಿಗೆ ಸಿಳ್ಳೆ ಬಿತ್ತು, ಅಷ್ಟೇ ಬೈಗುಳವೂ ಬಿತ್ತು. ಅಲ್ಲಿನ ಹೆಣ್ಣುಮಕ್ಕಳು ಬರೆದವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಮೆಹ್ವಿಶ್ ತಪ್ಪು ಮಾಡಿದಳು, ಸರಿ. ಆದರೆ ಅಶರ್‌ಗೆ ಸಿಕ್ಕ ಕ್ಷಮೆ ಇವಳಿಗೆ ಕೊನೆಯ ಕಂತಿನಲ್ಲೂ ಸಿಗಲಿಲ್ಲ. ಗಂಡಸು ತಪ್ಪಿದರೆ ‘ಪಾಪ, ಮೋಸ ಹೋದ’. ಹೆಂಗಸು ತಪ್ಪಿದರೆ ಅವಳ ಜಾತಿಯೇ ಅಷ್ಟು. ಇದನ್ನು ನಿಮ್ಮ ಮನೆಯವರ ಹತ್ತಿರ ಹೇಳಿ ನೋಡಿ, ಅಳುವಿನ ಸುದ್ದಿ ಬಿಡುತ್ತಾರೆ.

ಇಷ್ಟು ಬೈದಮೇಲೂ ಇನ್ನೊಂದು ಮಾತು. ಇವು ಇಪ್ಪತ್ತೈದು ಮೂವತ್ತು ವಾರಕ್ಕೆ ಮುಗಿಯುತ್ತಿದ್ದವು. ಮಲಗುವಾಗ ಯಾರೂ ಕಾಂಜೀವರಂ ಸೀರೆ ಉಟ್ಟಿರುವುದಿಲ್ಲ. ಒಂದು ಮಾತು ಬಿದ್ದರೆ ಮೂರು ಸಲ ಎಲ್ಲರ ಮುಖ ತೋರಿಸಿ ಗುಡುಗು ಹಾಕುವುದಿಲ್ಲ. 2014ರ ಜೂನ್‌ನಲ್ಲಿ ‘ಜಿಂದಗಿ’ ಚಾನೆಲ್ ಇವನ್ನು ಇಲ್ಲಿ ಹಾಕೋಕೆ ಶುರು ಮಾಡಿದಾಗ ನಮ್ಮ ಓಣಿಯಲ್ಲಿ ಉರ್ದು ಬಾರದ ಮನೆಯವರೂ ನೋಡಿದ್ದು ಅದಕ್ಕೇ. ಹೆಣ್ಣಿನ ಮುಖದ ಮೇಲೆ ಕ್ಯಾಮೆರಾ ಸುಮ್ಮನೆ ನಿಲ್ಲುತ್ತಿತ್ತು.

ಪ್ರಶ್ನೆ: ಮೇಡಂ, ನನ್ನದೊಂದು ಅನುಮಾನ. ಈ ಡ್ರಾಮಾಗಳನ್ನು ಬರೆಯುವವರಲ್ಲಿ ಹೆಂಗಸರೇ ಜಾಸ್ತಿ ಅಂತ ಓದಿದ್ದೇನೆ. ಹಾಗಿದ್ದೂ ಹೆಣ್ಣಿಗೆ ಹೊಡೆತ, ಹೆಣ್ಣಿಗೇ ಅವಮಾನ ಯಾಕೆ? ಗಂಡಸರನ್ನು ಬೈಯೋದು ಬಿಟ್ಟು ಇದಕ್ಕೆ ಉತ್ತರ ಹೇಳಿ. — ಒಬ್ಬ ಓದುಗ, ಯಾದಗಿರಿ

ಗಂಡಸರನ್ನು ಬೈಯದೆ ಹೇಳೋದು ಕಷ್ಟ ರೀ, ಪ್ರಯತ್ನ ಮಾಡುತ್ತೇನೆ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಪಾಕಿಸ್ತಾನದ ಸರ್ಕಾರಿ ಟಿವಿ 1964ರಲ್ಲಿ ಲಾಹೋರಿನಲ್ಲಿ ಶುರುವಾಯಿತು. ಅದಕ್ಕೆ ಬರೆದ ಹಳೆಯ ತಲೆಮಾರಿನಲ್ಲಿ ಎರಡು ದೊಡ್ಡ ಹೆಸರು. ಒಬ್ಬರು ಹಸೀನಾ ಮೋಯಿನ್, ಹುಟ್ಟಿದ್ದು ನಮ್ಮ ಕಾನ್ಪುರದಲ್ಲಿ. ಇನ್ನೊಬ್ಬರು ಫಾತಿಮಾ ಸುರಯ್ಯಾ ಬಜಿಯಾ. ಈ ಬಜಿಯಾ ನಮಗೆ ಇನ್ನೂ ಹತ್ತಿರ. 1930ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದವರು. ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಆಗ ಅದೇ ಸಂಸ್ಥಾನ. ದೇಶ ಎರಡಾದಮೇಲೆ ಅವರ ಕುಟುಂಬ ಕರಾಚಿಗೆ ಹೋಯಿತು. ಅವರ ಡ್ರಾಮಾಗಳಲ್ಲಿ ತುಂಬಿದ ಮನೆ, ಅಜ್ಜಿ, ಸೋದರತ್ತೆ, ಮದುವೆ ಮನೆಯ ಗದ್ದಲ ನೋಡಿದರೆ ನಮ್ಮೂರಿನ ರೋಜಾ ಬಡಾವಣೆ ಕಡೆಯ ಹಳೇ ಮನೆಗಳೇ ಕಣ್ಣಿಗೆ ಬರುತ್ತವೆ.

ಹಸೀನಾ ಮೋಯಿನ್ ಅವರ ಹುಡುಗಿಯರು ಬೇರೆ ಥರ. 1982ರ ‘ಅನ್‌ಕಹಿ’ಯ ಸನಾ ಮನೆ ನಡೆಸೋಕೆ ಅಂತ ಆಫೀಸಿಗೆ ಸೇರುತ್ತಾಳೆ. ಕೆಲಸ ಬರಲ್ಲ, ಬಾಯಿ ಮಾತ್ರ ನಿಲ್ಲಲ್ಲ. 1985ರ ‘ತನ್‌ಹಾಯಿಯಾಂ’ನಲ್ಲಿ ಅಪ್ಪ ಅಮ್ಮ ತೀರಿಕೊಂಡಮೇಲೆ ಸಾಲಕ್ಕೆ ಮನೆ ಹೋಗುತ್ತೆ, ಅಕ್ಕ ಜಾರಾ ಅದನ್ನು ವಾಪಸ್ ಕೊಳ್ಳಲೇಬೇಕು ಅಂತ ಹಗಲು ರಾತ್ರಿ ದುಡಿಯುತ್ತಾಳೆ, ಎಷ್ಟು ಅಂದರೆ ಪ್ರೀತಿಸುವವನನ್ನೂ ದೂರ ಮಾಡಿಕೊಳ್ಳುವಷ್ಟು. ಗಮನಿಸಿ, ಇಲ್ಲಿ ಕೆಟ್ಟ ಅತ್ತೆ ಇಲ್ಲ, ಸವತಿ ಇಲ್ಲ. ಹುಡುಗಿಯ ಹಟವೇ ಕಥೆ. ತಪ್ಪು ಮಾಡಿದರೆ ಅದು ಅವಳದೇ ತಪ್ಪು, ತಿದ್ದಿಕೊಳ್ಳುವವಳೂ ಅವಳೇ. ಹೆಣ್ಣಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವ ಡ್ರಾಮಾ ಕೊಟ್ಟಿದೆ ಹೇಳಿ.

ಅದೂ ಯಾವ ಕಾಲದಲ್ಲಿ? ಜನರಲ್ ಜಿಯಾ ಉಲ್ ಹಕ್ ಆಡಳಿತದಲ್ಲಿ. ಟಿವಿಯಲ್ಲಿ ಕಾಣುವ ಹೆಂಗಸರು ತಲೆ ಮೇಲೆ ದುಪಟ್ಟಾ ಹಾಕಲೇಬೇಕು ಅಂತ ಆಗ ಆದೇಶ ಬಂತು. ಮೆಹ್ತಾಬ್ ಚನ್ನಾ ಅನ್ನೋ ನಿರೂಪಕಿ ಹಾಕಲ್ಲ ಅಂದರು, ಕಾರ್ಯಕ್ರಮವೇ ಕೈತಪ್ಪಿತು. ಅಂಥ ಹೊತ್ತಿನಲ್ಲಿ ಈ ಹುಡುಗಿಯರು ಟಿವಿಯಲ್ಲಿ ಆಫೀಸಿಗೆ ಹೋಗುತ್ತಿದ್ದರು, ಬಾಸ್‌ಗೆ ಎದುರು ಮಾತಾಡುತ್ತಿದ್ದರು. ತಲೆ ಮೇಲಿನ ಬಟ್ಟೆಗೆ ಆದೇಶ ಬಂತು, ಬಾಯಿಗೆ ಬರಲಿಲ್ಲ.

ಬದಲಾಗಿದ್ದು ಆಮೇಲೆ. 2002ರ ನಂತರ ಖಾಸಗಿ ಚಾನೆಲ್‌ಗಳು ಒಂದರ ಹಿಂದೊಂದು ಬಂದವು. ವಾರಕ್ಕೆ ಎಷ್ಟೋ ಡ್ರಾಮಾ ಬೇಕು, ಅಷ್ಟು ಕಥೆ ಎಲ್ಲಿಂದ ತರೋದು? ಉರ್ದುವಿನಲ್ಲಿ ‘ಖವಾತೀನ್ ಡೈಜೆಸ್ಟ್’, ‘ಶುವಾ’ ಥರದ ಹೆಂಗಸರ ಮಾಸಿಕಗಳು ಬಹಳ ವರ್ಷದಿಂದ ಇವೆ. ನಮ್ಮಲ್ಲಿ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದೆವಲ್ಲ, ಹಾಗೆ. ಅಲ್ಲಿ ಬರೆಯುತ್ತಿದ್ದ ಉಮೈರಾ ಅಹ್ಮದ್, ಫರ್ಹತ್ ಇಶ್ತಿಯಾಕ್ ಥರದವರೇ ಟಿವಿಗೂ ಬಂದರು. ಡೈಜೆಸ್ಟ್ ಓದುವ ಹೆಂಗಸು ಮಧ್ಯಾಹ್ನ ಒಬ್ಬಳೇ ಕೂತು ಓದುತ್ತಾಳೆ, ತನ್ನ ಸಂಕಟಕ್ಕೆ ಸಾಕ್ಷಿ ಹುಡುಕುತ್ತಾಳೆ. ‘ಅವಳು ಸಹಿಸಿದಳು, ಕೊನೆಗೆ ಎಲ್ಲರಿಗೂ ಗೊತ್ತಾಯಿತು’ ಅನ್ನುವ ಕಥೆ ಅವಳಿಗೆ ಬೇಕು. ಬರೆಯುವವಳಿಗೂ ಅದು ಗೊತ್ತು. ಗಂಡನನ್ನು ಬಿಟ್ಟು ಹೋಗಲಾರದ ಹೆಂಗಸಿಗೆ ಗಂಡ ಒಳ್ಳೆಯವನಾದ ಕಥೆಯೇ ಸಮಾಧಾನ, ಅದಕ್ಕೆ ತಪ್ಪಿನ ಭಾರ ಹೊರೋಕೆ ಒಬ್ಬ ಅತ್ತೆ ಬೇಕೇ ಬೇಕು. ಹೆಂಗಸರು ಬರೆದದ್ದಕ್ಕೇ ಹೀಗಿದೆ ಅಂತ ಅಲ್ಲ, ಹೆಂಗಸರು ಇರುವ ಜಾಗದಿಂದ ಬರೆದರು ಅಂತ. ಮೇಲಿಂದ ಚಾನೆಲ್‌ನವರಿಗೆ ಕೆನ್ನೆಗೆ ಏಟು ಬಿದ್ದ ದೃಶ್ಯ ಇದ್ದರೆ ರೇಟಿಂಗ್ ಏರುತ್ತೆ ಅಂತ ನಂಬಿಕೆ.

ಅದೇ ಫರ್ಹತ್ ಇಶ್ತಿಯಾಕ್ 2016ರಲ್ಲಿ ‘ಉಡಾರಿ’ ಬರೆದರು. ಮಲತಂದೆ ಹುಡುಗಿಯ ಮೇಲೆ ಮಾಡುವ ಲೈಂಗಿಕ ದೌರ್ಜನ್ಯದ ಕಥೆ. ಅಲ್ಲಿನ ಮಾಧ್ಯಮ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಚಾನೆಲ್ ನಿಲ್ಲಿಸಲಿಲ್ಲ. ಅದರಲ್ಲಿ ತಪ್ಪು ಗಂಡಸಿನದು, ಕೊನೆಯತನಕ ಗಂಡಸಿನದೇ. ತಾಯಿಯ ತಲೆಗೆ ಕಟ್ಟಲಿಲ್ಲ. ಹೆಂಡತಿಗೆ ಹೊಡೆಯುವ ದೃಶ್ಯಕ್ಕೆ ಬಾರದ ನೋಟಿಸು ಇದಕ್ಕೆ ಬಂತು ನೋಡಿ! ಕ್ಷಮಿಸಿ, ಬೈಯಲ್ಲ ಅಂದಿದ್ದೆ.

ಪ್ರಶ್ನೆ: ಡ್ರಾಮಾದಲ್ಲಿ ಒಳ್ಳೆಯ ಅತ್ತೆ ಯಾಕೆ ಇರಲ್ಲ? ನಮ್ಮ ಅತ್ತಿ ಬಹಳ ಒಳ್ಳೆಯವರು. — ಸೊಸೆ, ಚಿತ್ತಾಪುರ

ಇದ್ದರೆ ಎರಡನೇ ವಾರಕ್ಕೇ ಕಥೆ ಮುಗಿಯುತ್ತಲ್ಲಮ್ಮ. ನಿಮ್ಮ ಅತ್ತಿಗೆ ನನ್ನ ನಮಸ್ಕಾರ ಹೇಳಿ. ಈ ಪತ್ರ ಅವರ ಮುಂದೆ ಕೂತು ಬರೆದಿಲ್ಲ ತಾನೇ?

ಪ್ರಶ್ನೆ: ನಾನು ಬೀದರಿನ ಕಾಲೇಜು ಹುಡುಗಿ. ಮನೆಯಲ್ಲಿ ನಾವು ಉರ್ದು ಆಡುತ್ತೇವೆ, ಆದರೆ ನಮ್ಮದು ದಖನಿ, ಈ ಕಡೆಯ ಆಡುಮಾತಿನ ಉರ್ದು. ಡ್ರಾಮಾದಲ್ಲಿ ನಾಯಕಿ ಆಡುವ ಉರ್ದು ಕೇಳಿದರೆ ನಮ್ಮ ಭಾಷೆಗೆ ನಾಚಿಕೆ ಆಗುತ್ತೆ. ನಮ್ಮ ಹಾಗೆ ಮಾತಾಡುವವರು ಅಲ್ಲಿ ಬರೀ ಕೆಲಸದವರು, ಇಲ್ಲಾ ಜೋಕ್ ಮಾಡುವವರು. — ಬೀದರ್

ನಾಚಿಕೆ ನಕ್ಕೋ ಮಗಳೇ! ಇದು ಭಾಷೆಯ ಪ್ರಶ್ನೆ ಅಂತ ಬರೆದಿದ್ದೀಯ, ನನಗೆ ಇದೂ ಹೆಣ್ಣಿನ ಪ್ರಶ್ನೆಯೇ ಅನ್ನಿಸುತ್ತೆ.

ನಮ್ಮ ಖಾಲಾ ಹಮ್‌ಸಫರ್ ನೋಡುವಾಗ ಟಿವಿಗೇ ಬೈಯುತ್ತಿದ್ದರು. ‘ಕೈಕು ಚುಪ್ ಬೈಠೀ, ಜವಾಬ್ ದೇ ನಾ!’ ಯಾಕೆ ಸುಮ್ಮನೆ ಕೂತಿದೀ, ಉತ್ತರ ಕೊಡು ಅಂತ. ಆ ನಯವಾದ ಉರ್ದುವಿನಲ್ಲಿ ನಾಯಕಿ ಸುಮ್ಮನಿರುವುದೇ ಸಂಸ್ಕಾರ. ಮೆಲ್ಲಗೆ ಮಾತು, ಅರ್ಧ ವಾಕ್ಯ, ಕಣ್ಣಲ್ಲಿ ನೀರು. ದಖನಿಯಲ್ಲಿ ಹಾಗೆ ಸುಮ್ಮನಿರೋಕೆ ಆಗುತ್ತಾ? ‘ಹೌ’ ಅಂದರೆ ಹೌದು, ‘ನಕ್ಕೋ’ ಅಂದರೆ ಬೇಡ, ಮುಗೀತು. ಜೋರು ಮಾತಿನ ಹೆಂಗಸನ್ನು ಅಡುಗೆಮನೆಗೋ ಕಾಮಿಡಿಗೋ ಕಳಿಸಿ, ಮೆಲ್ಲಗೆ ಮಾತಾಡುವವಳನ್ನು ನಾಯಕಿ ಮಾಡಿದಾಗ, ಬರೀ ಉಚ್ಚಾರಣೆ ಆರಿಸಿದ ಹಾಗಲ್ಲ. ಎಂಥ ಹೆಣ್ಣು ಒಳ್ಳೆಯವಳು ಅಂತಲೂ ಆರಿಸಿದ ಹಾಗೆ. ನಮ್ಮ ಕನ್ನಡದ ಧಾರಾವಾಹಿಗಳಲ್ಲಿ ಕಲಬುರಗಿ ಮಾತು ಯಾರ ಬಾಯಲ್ಲಿ ಬರುತ್ತೆ ನೋಡು. ಅಲ್ಲೂ ಇದೇ ಕಥೆ.

ಇನ್ನೊಂದು ವಿಷಯ ಹೇಳುತ್ತೇನೆ, ನಿನ್ನ ಗೆಳತಿಯರಿಗೂ ಹೇಳು. ದಖನಿಯಲ್ಲಿ ‘ಚಕ್ಕಿನಾಮಾ’ ಅಂತ ಹಾಡುಗಳಿವೆ. ಬಿಜಾಪುರದ ಸೂಫಿಗಳ ಕಡೆಯಿಂದ ಬಂದವು. ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದರು. ಅದರಲ್ಲಿ ಬೀಸುಕಲ್ಲಿನ ಹಿಡಿಗೂಟ ನೆಟ್ಟಗೆ ನಿಂತ ಅಲಿಫ್ ಅಕ್ಷರ, ಅಂದರೆ ಅಲ್ಲಾಹ್. ನಮ್ಮವ್ವ ಜೋಳ ಬೀಸುವಾಗ ಮಲ್ಲಯ್ಯನ ಪದ ಹಾಡುತ್ತಿದ್ದಳು, ಆ ಕಡೆ ಮನೆಯಲ್ಲಿ ಚಕ್ಕಿನಾಮಾ. ದೇವರ ವಿಚಾರವನ್ನು ಹಿಟ್ಟಿನ ಕೈಯಲ್ಲಿ ಹಾಡಿದ ಭಾಷೆ ನಿನ್ನದು. ಕೆಲಸದವಳ ಪಾತ್ರಕ್ಕೆ ಮಾತ್ರ ಸಾಕು ಅನ್ನೋದು ಡ್ರಾಮಾದವರ ಬಡತನ.

ಪ್ರಶ್ನೆ: ನಮ್ಮ ಪತ್ರಿಕೆಯಲ್ಲಿ ಪಾಕಿಸ್ತಾನದ ಡ್ರಾಮಾ ಬಗ್ಗೆ ಯಾಕೆ ಬರೀತೀರಿ? ಕನ್ನಡ ಸೀರಿಯಲ್ ಇಲ್ವಾ? — ಹುಮನಾಬಾದ್

ಬರೆದಿದ್ದೇನೆ ಸ್ವಾಮಿ, ಹಳೇ ಸಂಚಿಕೆ ತೆಗೆದು ನೋಡಿ, ಆಗ ಬೈದವರೂ ನೀವೇ ಅಂತ ಕೈಬರಹ ಹೇಳುತ್ತಿದೆ. 2016ರಲ್ಲಿ ಚಾನೆಲ್ ಇವನ್ನು ನಿಲ್ಲಿಸಿತು, 2025ರ ಮೇ ಹೊತ್ತಿಗೆ ಯೂಟ್ಯೂಬ್‌ನಲ್ಲೂ ಒಟಿಟಿಯಲ್ಲೂ ಬಂದ್ ಆಯಿತು. ಅದು ಸರ್ಕಾರದ ತೀರ್ಮಾನ, ಅದಕ್ಕೆ ಕಾರಣವೂ ನಮಗೆಲ್ಲ ಗೊತ್ತು. ಆದರೆ ನಮ್ಮ ಊರಿನ ಸಾವಿರಾರು ಹೆಂಗಸರು ಹತ್ತು ವರ್ಷ ನೋಡಿದ್ದರ ಬಗ್ಗೆ ಕೇಳಿದಾಗ ‘ನೀವು ನೋಡೇ ಇಲ್ಲ’ ಅಂತ ಹೇಳೋಕೆ ನನ್ನಿಂದ ಆಗಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹದಿನಾರು. ‘ತೇರೆ ಬಿನ್’ ಅಂತ ಒಂದು ಡ್ರಾಮಾ ನೋಡಿ ಅದರ ಹೀರೋ ಮುರ್ತಸಿಂ ಅಂದರೆ ಪ್ರಾಣ. ಫೋನಿನ ಮೇಲೆ ಅವನದೇ ಫೋಟೋ. ಅವನೋ ಸದಾ ಸಿಟ್ಟು, ಹುಡುಗಿಗೆ ಹುಕುಂ ಮಾಡುತ್ತಾನೆ. ಮಗಳು ‘ಅಮ್ಮ, ಅದು ಪ್ರೀತಿ, ನಿಂಗೆ ಗೊತ್ತಾಗಲ್ಲ’ ಅಂತಾಳೆ. ಬೈಯಲಾ, ಬಿಡಲಾ? — ತಾಯಿ, ಬಸವಕಲ್ಯಾಣ

ಬೈಯಬೇಡಿ. ಬೈದರೆ ಮುರ್ತಸಿಂ ಇನ್ನೂ ಚೆಂದ ಕಾಣುತ್ತಾನೆ.

ಆ ಡ್ರಾಮಾ ನನಗೂ ಗೊತ್ತು. ಜಮೀನ್ದಾರಿ ಮನೆ, ಓದಿದ ಹುಡುಗಿ ಮೀರಬ್, ಬಲವಂತದ ಮದುವೆ. ಮೀರಬ್ ಪಾತ್ರದ ಯುಮ್ನಾ ಜೈದಿ ಒಳ್ಳೆಯ ನಟಿ, ಸಿಟ್ಟು ಬಂದರೆ ನಿಜಕ್ಕೂ ಸಿಟ್ಟು ಬಂದ ಹಾಗೆ ಇರುತ್ತೆ. 2023ರಲ್ಲಿ ಅದರ ಒಂದು ಕಂತು ಮುಗಿದ ರೀತಿ ನೋಡಿ, ಗಂಡ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದ ಅಂತಲೇ ಎಲ್ಲರಿಗೂ ಅನ್ನಿಸಿತು. ದೊಡ್ಡ ಗಲಾಟೆ ಆಯಿತು. ಮುಂದಿನ ಕಂತಿನಲ್ಲಿ ‘ಇಲ್ಲ, ಅವಳ ಒಪ್ಪಿಗೆ ಇತ್ತು’ ಅನ್ನೋ ಹಾಗೆ ಕಥೆ ತಿರುಗಿಸಿದರು. ನೋಡುವವರಿಗೆ ತಪ್ಪು ಕಾಣಿಸಿದ್ದು ಗಂಡಸಿನಲ್ಲಿ, ಬರೆಯುವವರು ತಿದ್ದಿದ್ದು ಹೆಂಗಸಿನ ಒಪ್ಪಿಗೆಯನ್ನು.

ಮಗಳ ಜೊತೆ ಕೂತು ಇದನ್ನೇ ಮಾತಾಡಿ. ಉಪದೇಶ ಬೇಡ, ಪ್ರಶ್ನೆ ಕೇಳಿ. ಮುರ್ತಸಿಂ ಮೀರಬ್‌ಳ ಹತ್ತಿರ ಏನಾದರೂ ಕೇಳಿ ಮಾಡಿದ್ದು ಎಷ್ಟು ಸಲ? ಅವನ ಸಿಟ್ಟಿಗೆ ಕಾರಣ ಹುಡುಕುವ ಕೆಲಸ ಯಾರದು? ಇದೇ ಮಾತು ನಿನ್ನ ಕ್ಲಾಸಿನ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಆಡಿದರೆ? ಹಿಂದೆ ಪಿಟೀಲು ಇರಲ್ಲ ಅಂತ ನೆನಪಿರಲಿ. ನಾನು ನನ್ನ ತಂಗಿ ಮಗಳ ಮೇಲೆ ಈ ಬಸ್‌ಸ್ಟ್ಯಾಂಡ್ ಪ್ರಶ್ನೆ ಹಾಕಿದೆ. ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಬಂದು ‘ದೊಡ್ಡವ್ವ, ಚಪ್ಪಲಿ ತಗೋತೀನಿ’ ಅಂದಳು. ಫೋಟೋ ಮಾತ್ರ ತೆಗೆದಿಲ್ಲ. ಇರಲಿ ಬಿಡಿ, ನನ್ನ ಟ್ರಂಕಿನಲ್ಲೂ ಯಾರ ಯಾರದೋ ಫೋಟೋ ಇದ್ದವು.

ಹೊಸದರಲ್ಲಿ ಬೇರೆ ಥರದ ಗಂಡಸೂ ಬಂದಿದ್ದಾನೆ. 2024ರ ‘ಕಭಿ ಮೈ ಕಭಿ ತುಮ್’ನಲ್ಲಿ ಶರ್ಜೀನಾಳ ಮದುವೆಯ ಹೊತ್ತಿಗೆ ವರ ಕೈಕೊಡುತ್ತಾನೆ, ಅವನ ತಮ್ಮ ಮುಸ್ತಫಾ ಮದುವೆಯಾಗುತ್ತಾನೆ. ಇಬ್ಬರಿಗೂ ಕೈಯಲ್ಲಿ ಕಾಸಿಲ್ಲ. ಹುಡುಗ ಹುಕುಂ ಮಾಡಲ್ಲ, ಹೆಂಡತಿಯ ಮಾತು ಕೇಳುತ್ತಾನೆ, ಎಡವುತ್ತಾನೆ, ಎಡವಿದ್ದು ತಾನೇ ಅಂತ ಒಪ್ಪಿಕೊಳ್ಳುತ್ತಾನೆ. ಬರೆದದ್ದು ಯಾರು ಗೊತ್ತಾ? ಮತ್ತೆ ಅದೇ ಫರ್ಹತ್ ಇಶ್ತಿಯಾಕ್. ಅಶರ್‌ನನ್ನು ಬರೆದ ಕೈ ಮುಸ್ತಫಾನನ್ನೂ ಬರೆಯಿತು.

ಪ್ರಶ್ನೆ: ಒಂದೇ ಒಂದು ನೋಡಬೇಕು ಅಂದರೆ ಯಾವುದು? — ಶಹಾಬಾದ್

‘ಧೂಪ್ ಕಿನಾರೆ’. 1987ರದು, ಹಸೀನಾ ಮೋಯಿನ್ ಬರೆದದ್ದು, ಸಾಹಿರಾ ಕಾಜ್ಮಿ ನಿರ್ದೇಶನ. ಬರೆದವರೂ ಹೆಂಗಸು, ಮಾಡಿಸಿದವರೂ ಹೆಂಗಸು. ಕರಾಚಿಯ ಆಸ್ಪತ್ರೆ, ಗಂಭೀರ ಡಾಕ್ಟರ್ ಅಹ್ಮರ್, ತುಂಟಿ ಡಾಕ್ಟರ್ ಜೋಯಾ. ಮರೀನಾ ಖಾನ್ ಅವರ ಜೋಯಾ ನಗುತ್ತಾಳೆ, ತಪ್ಪು ಮಾಡುತ್ತಾಳೆ, ಬೈಸಿಕೊಳ್ಳುತ್ತಾಳೆ, ಮರುದಿನ ಮತ್ತೆ ಡ್ಯೂಟಿಗೆ ಬರುತ್ತಾಳೆ. ಅವಳ ಕಥೆ ಸಾಗೋಕೆ ಇನ್ನೊಬ್ಬ ಹೆಂಗಸು ಕೆಟ್ಟವಳಾಗಬೇಕಿಲ್ಲ.

ನಾನು ನೋಡಿದ್ದು ಆಗಿನ ಗುಲ್ಬರ್ಗಾದಲ್ಲಿ, ಡಿಗ್ರಿ ಓದುವಾಗ. ಖಾಲಾ ಅವರ ತಮ್ಮ ಜಿದ್ದಾದಿಂದ ಕ್ಯಾಸೆಟ್ ತಂದಿದ್ದರು. ಸ್ಟೇಷನ್ ಬಜಾರಿನಿಂದ ವಿಸಿಪಿ (ವಿಡಿಯೊ ಕ್ಯಾಸೆಟ್ ಹಾಕುವ ಪ್ಲೇಯರ್) ಬಾಡಿಗೆಗೆ ತಂದು, ರಾತ್ರಿ ಊಟ ಮುಗಿಸಿ, ನಮ್ಮ ಮನೆಯ ಐದು ಜನ, ಅವರ ಮನೆಯ ಒಂಬತ್ತು ಜನ ಕೂತರೆ ಬೆಳಗಿನ ಬಾಂಗ್ ಆಗುವತನಕ. ಬಾಡಿಗೆ ದಿನಕ್ಕೆ, ಹಾಗಾಗಿ ನಿದ್ದೆ ಮಾಡಿದರೆ ನಷ್ಟ. ನಡುವೆ ಕರೆಂಟ್ ಹೋದರೆ ಖಾಲಾ ಮುಂದಿನ ಕಥೆ ತಾವೇ ಹೇಳುತ್ತಿದ್ದರು. ಅವರ ಕಥೆಯಲ್ಲಿ ಜೋಯಾ ಅಹ್ಮರ್‌ಗೆ ಎರಡು ಬಿಗಿದಿರುತ್ತಿದ್ದಳು.

ಆ ಮೂರು ಕ್ಯಾಸೆಟ್ ಈಗ ನನ್ನ ಹತ್ತಿರ ಇವೆ, ಖಾಲಾ ಕೊಟ್ಟಿದ್ದು. ನಡೆಯುವ ವಿಸಿಪಿ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಚಹಾ, ಮಂಡಕ್ಕಿ ಸೂಸಲ ನಮ್ಮದು.